ಹತ್ತು ಪಾಯಿಂಟ್ ಏಳು

ಹಸಿರು ಚೌಕದೊಳಗೆ ಮತ್ತೆ ಅದೇ ಹತ್ತು ಪಾಯಿಂಟ್ ಏಳು, ಕಿಟಕಿಯ ಬೆಳಕು ಪರದೆಗೆ ಬಡಿದು ಸರಿಯಾಗಿ ಕಾಣುತ್ತಿಲ್ಲವೇನೋ ಎಂದು ಅವಳು ಕುತ್ತಿಗೆ ವಾರೆ ಮಾಡಿ ನೋಡಿದಳು, ಇಲ್ಲ, ಚೆನ್ನಾಗಿಯೇ ಕಾಣುತ್ತಿದೆ, ಹತ್ತು ಪಾಯಿಂಟ್ ಏಳೇ — ಸುಮ್ಮನೆ ತಮಾಷೆಗೆಂದು ಗ್ಯಾಸಿನಲ್ಲಿ ಪ್ರೊಪೇನನ್ನು ಶೇಕಡಾ ನಲವತ್ತಕ್ಕೆ ಏರಿಸಿದ್ದಳು, ಕಾರ್ಖಾನೆಯ ಕುಲುಮೆ ಎಷ್ಟು ಗಾಳಿ ಕೇಳುತ್ತದೋ ನೋಡೋಣ ಎಂದು, ಕೇಳಬೇಕಿತ್ತು, ಬಾಯಿ ಬಿಟ್ಟು ಕೇಳಬೇಕಿತ್ತು, ಮೀಥೇನಿನ ಒಂದು ಪಾಲು ಉರಿಯಲು ಒಂಬತ್ತೂವರೆ ಪಾಲು ಗಾಳಿ ಸಾಕು, ಪ್ರೊಪೇನಿಗೆ ಇಪ್ಪತ್ತನಾಲ್ಕು ಬೇಕು, ಅದು ಶುದ್ಧ ಹೊಟ್ಟೆಬಾಕ, ಹಾಗಿದ್ದೂ ಗಾಳಿಯ ಈ ಅಂಕಿ ಜಪ್ಪಯ್ಯ ಅಂದರೂ ಕದಲುತ್ತಿಲ್ಲ, ಯಾವುದೋ ಚೌಕದ ಕೊಂಡಿ ಕಳಚಿರಬೇಕು, ಕಂಪ್ಯೂಟರಿನ ಈ ಲೆಕ್ಕದ ಹಾಳೆಯಲ್ಲಿ ಚೌಕಗಳೇನು ಒಂದೇ ಎರಡೇ, ಸಾಂದ್ರತೆಗೊಂದು, ಸ್ನಿಗ್ಧತೆಗೊಂದು, ಜ್ವಾಲೆಯ ತಾಪಕ್ಕಂತೂ ದೊಡ್ಡ ಸಂಸಾರವೇ ಇದೆ, ಅದು ಅಂದಾಜು ಮಾಡಿ, ಸುಳ್ಳಾಗಿ, ಮತ್ತೆ ಅಂದಾಜು ಮಾಡಿ, ನಿಜದ ಹತ್ತಿರ ಬರುವಷ್ಟರಲ್ಲಿ ಮನುಷ್ಯರಿಗೆ ಸಾಕುಸಾಕಾಗುತ್ತದೆ, ಅದಕ್ಕೇ ತಾನೇ ಹೋದ ವಾರ — ಹೋದ ವಾರ — ಕಣ್ಣು ತಾನಾಗಿ ಪರದೆಯ ಕೆಳಮೂಲೆಗೆ ಇಳಿಯಿತು, ಅಲ್ಲಿ ಲೆಕ್ಕ ಮಾಡು ಎನ್ನುವ ಪುಟ್ಟ ಪದ ಕೂತಿದೆ, ಬೆಳಗಿನಿಂದಲೇ ಕೂತಿರಬೇಕು, ಒಂದೊಂದು ಅಂಕಿ ಬದಲಿಸಿದಾಗಲೂ ಹಾಳೆ ತೆವಳುತ್ತದೆ ಎಂದು ಬೇಸತ್ತು, ನೀನಾಗಿ ಲೆಕ್ಕ ಮಾಡಬೇಡ, ನಾನು ಕೀ ಒತ್ತಿದಾಗ ಮಾತ್ರ ಮಾಡು ಎಂದು ಅದರ ಕೈ ಕಟ್ಟಿದವಳು ಅವಳೇ, ಆಮೇಲೆ ಬಿಚ್ಚಿದರಾಯಿತು ಎಂದುಕೊಂಡು ಮರೆತವಳೂ ಅವಳೇ.

ಹಾಗಾದರೆ ಬೆಳಗ್ಗೆ ಫೋನಿನಲ್ಲಿ ಹೇಳಿದ್ದು ಯಾವ ಗ್ಯಾಸಿನ ಗಾಳಿ, ಲ್ಯಾಬಿನವಳು ಬಂದು, ಮೇಡಂ ಇವತ್ತಿಂದ ಬೇರೆ ಗ್ಯಾಸು, ಪ್ರೊಪೇನ್ ನಾಲ್ಕಿದ್ದದ್ದು ಇಪ್ಪತ್ತಾರಾಗಿದೆ ನೋಡಿ, ಅಂದಳು, ಇವಳು ಟೈಪ್ ಮಾಡಿದಳು, ಮಗಳ ಹಲ್ಲುನೋವಿನ ಯೋಚನೆಯಲ್ಲೇ ಟೈಪ್ ಮಾಡಿದಳು, ಕೆಳಗಿದ್ದ ಅಂಕಿಯನ್ನು ಕುಲುಮೆಯ ಕೋಣೆಗೆ ಓದಿ ಹೇಳಿದಳು, ಆ ಕಡೆ ಮೈದುನ, ಈ ಪಾಳಿಗೆ ಅವನೇ ಮುಖ್ಯಸ್ಥ, ನಕ್ಕ, ಏನ್ ಅತ್ತಿಗೆ, ಗ್ಯಾಸ್ ಬದಲಾದ್ರೂ ಗಾಳಿ ಬದಲಾಗ್ಲೇ ಇಲ್ವಾ — ಕೇಳಿದ್ದ, ಅಯ್ಯೋ, ಕೇಳಿಯೇ ಇದ್ದ — ಹಾಳೆ ಹೇಳಿದ್ದನ್ನ ಹಾಕಪ್ಪ, ನಿನ್ನ ತಲೆ ಓಡಿಸ್ಬೇಡ, ಎಂದವಳು ಅವಳು, ಸರಿ ತಾಯಿ, ನಿಮ್ಮ ಮಾತು ಮೀರೋಕಾಗುತ್ತಾ, ಎಂದು ಫೋನಿಟ್ಟ, ಮೀರುವುದಿಲ್ಲ ಅವನು, ಎಂದೂ ಮೀರಿದವನಲ್ಲ, ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ತ್ರೈರಾಶಿಯಲ್ಲಿ ಸೊನ್ನೆ ತೆಗೆದುಕೊಂಡು ಬಚ್ಚಲಲ್ಲಿ ಅವಿತು ಅಳುತ್ತಿದ್ದ, ಬಾಗಿಲ ಹೊರಗೆ ಕೂತು ಲೆಕ್ಕ ಹೇಳಿಕೊಟ್ಟದ್ದು ಅವಳು, ಅಂದಿನಿಂದ ಅತ್ತಿಗೆಯ ಲೆಕ್ಕವೆಂದರೆ ಅವನಿಗೆ ಮುಗಿಯಿತು. ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಎಂದು ಅಳೆಯುವ ಯಂತ್ರ ರಿಪೇರಿಗೆ ಹೋಗಿದೆ, ಅದು ಬರುವವರೆಗೆ ಈ ಹಾಳೆಯೇ ಗತಿ, ಹಾಗಂತ ಸಭೆಯಲ್ಲಿ ಮ್ಯಾನೇಜರ್ ಹೇಳಿದಾಗ ಅವಳು ಸ್ವಲ್ಪ ಬೀಗಿದ್ದಳು ಕೂಡ, ಬೀಗು, ಈಗ ಬೀಗು.

ನಲವತ್ತನ್ನು ಅಳಿಸಿ ಇಪ್ಪತ್ತಾರು ಹಾಕಿದಳು, ಮೀಥೇನಿನ ಎಪ್ಪತ್ತನ್ನು ಬೆರಳಿಟ್ಟು ನೋಡಿಕೊಂಡಳು, ಲೆಕ್ಕ ಮಾಡಿಸುವ ಎಫ್ ನೈನ್ ಕೀ ಒತ್ತಿದಳು, ಹಾಳೆ ಮೇಲಿನಿಂದ ಕೆಳಗೆ ಒಮ್ಮೆ ನಡುಗಿತು, ಹದಿನಾಲ್ಕು ಪಾಯಿಂಟ್ ಒಂದು. ಹದಿನಾಲ್ಕು ಕೊಡಬೇಕಾದಲ್ಲಿ ಹತ್ತು ಕೊಟ್ಟು ಕೂತಿದ್ದಾರೆ, ಅವಳ ಮಾತು ಕೇಳಿ, ಗಾಳಿ ಕಮ್ಮಿಯಾದರೆ ಬೆಂಕಿ ಆರಿಬಿಡುವುದಿಲ್ಲ, ಆರಿದರೆ ಪುಣ್ಯ ಎನ್ನಬಹುದಿತ್ತು, ಮಂಕಾಗುತ್ತದೆ, ಉದ್ದವಾಗುತ್ತದೆ, ದಿಕ್ಕು ತಪ್ಪಿ ಗೋಡೆ ತಡಕುತ್ತದೆ, ಉರಿಯದೆ ಉಳಿದ ಗ್ಯಾಸು ಕುಲುಮೆಯ ಹೊಟ್ಟೆ ತುಂಬ ಕಾದು ಕೂತಿರುತ್ತದೆ, ಅದಕ್ಕೆ ಬೇಕಾದದ್ದು ಒಂದು ಬೊಗಸೆ ಗಾಳಿ, ಯಾವ ಸಂದಿಯಿಂದ ಬಂದರೂ ಸರಿ — ಸಂದಿ — ಇಣುಕುಗಂಡಿ, ಕುಲುಮೆಯ ಗೋಡೆಯಲ್ಲಿ ಅಂಗೈಯಗಲದ ಗಂಡಿ, ಅದಕ್ಕೊಂದು ಕಬ್ಬಿಣದ ಮುಚ್ಚಳ, ಪಕ್ಕಕ್ಕೆ ತಿರುಗಿಸಿದರೆ ಒಳಗಿನ ಬೆಂಕಿ ಕಾಣುತ್ತದೆ, ಒಳಗೆ ಚಿಮಣಿಯ ಎಳೆತ ಇರುವುದರಿಂದ ಹೊರಗಿನ ಗಾಳಿ ಅದರಲ್ಲೇ ನುಗ್ಗುತ್ತದೆ, ಮತ್ತು ಅವನು, ಮೀಟರು ಸುಳ್ಳು ಹೇಳುತ್ತೆ ಅತ್ತಿಗೆ, ಬೆಂಕಿ ಹೇಳಲ್ಲ, ಕಣ್ಣಾರೆ ನೋಡದೆ ನಾನು ನಂಬಲ್ಲ, ಎನ್ನುವವನು, ಅದೇ ಗಂಡಿಯಿಂದ ಹೋದ ವರ್ಷ ಒಂದು ನಾಲಿಗೆ ಬೆಂಕಿ ಹೊರಬಂದು ಅವನ ಎಡಹುಬ್ಬು ಸವರಿಕೊಂಡು ಹೋಗಿತ್ತು, ಹುಬ್ಬು ಮತ್ತೆ ಬರಲೇ ಇಲ್ಲ, ಮನೆಯಲ್ಲಿ ಅರೆಹುಬ್ಬ ಎಂದು ಹೆಸರಾಯಿತು, ಇನ್ನೊಂದನ್ನಾದ್ರೂ ಮದುವೆವರೆಗೆ ಉಳಿಸ್ಕೊಳ್ಳೋ, ಎಂದು ಅತ್ತೆ ಬಡಿಸುತ್ತ ಹೇಳಿದರೆ ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು, ಗಂಡನಿಗೆ ನೆತ್ತಿಗೇರಿ ಕೆಮ್ಮು ಬಂತು, ಆವತ್ತು ಒಳಗೆ ಇದ್ದದ್ದು ಎಷ್ಟು ಗ್ಯಾಸು, ಇವತ್ತಿರುವುದು ಎಷ್ಟು, ಆ ಲೆಕ್ಕ ಬೇಡ, ಬೇಡವೆಂದರೂ ತಲೆ ಮಾಡುತ್ತಿದೆ, ಅದರ ಕೈ ಕಟ್ಟಲು ಯಾವ ಕೀಲಿಯೂ ಇಲ್ಲ.

ಕುಲುಮೆಯ ಕೋಣೆಗೆ ಫೋನು, ಎಂಗೇಜು, ಇಟ್ಟು ಮತ್ತೆ ಒತ್ತಿದಳು, ಎಂಗೇಜು, ಯಾರೋ ಯಾರ ಹತ್ತಿರವೋ ಊಟದ ವಿಷಯ ಮಾತಾಡುತ್ತಿರಬೇಕು, ಓಡಿ ಹೋಗಲು ಕುಲುಮೆ ಅಂಗಳದ ಆ ತುದಿಗಿದೆ, ಕಿಟಕಿಯಲ್ಲಿ ಅದರ ಚಿಮಣಿ ಕಾಣುತ್ತದೆ, ದಿನವೂ ಬರಿದಾಗಿ ಕಾಣುವ ಬಾಯಲ್ಲಿ ಇವತ್ತು ಕಪ್ಪಗೆ ಏನೋ ತೇಲುತ್ತಿದೆ, ಅವಳಿಗೆ ಭಯವಾಯಿತು, ಬರೀ ಭಯ, ಮೂರನೇ ಸಲ ಒತ್ತಿದಳು, ಬೆಂಕಿ ಮಂಕಾದರೆ ಯಾರಿಗಾದರೂ ಮೊದಲು ತೋಚುವುದು ಗಾಳಿ ಹೆಚ್ಚಿಸೋಣ ಎಂದೇ, ಅದೇ ಕೊಲ್ಲುವುದು, ಮೊದಲು ಗ್ಯಾಸು, ಮೊದಲು ಗ್ಯಾಸು ನಿಲ್ಲಿಸಬೇಕು — ಎತ್ತಿದ, ಪ್ಯಾನೆಲ್ ಮುಂದೆ ಕೂರುವವನು, ಹೇಳಿ ಮೇಡಂ, ಅಂದ, ಗಾಳಿ ಮುಟ್ಟಬೇಡಿ, ಗ್ಯಾಸ್ ನಿಲ್ಲಿಸಿ, ನನ್ನ ಲೆಕ್ಕ ತಪ್ಪು, ಈಗಲೇ ನಿಲ್ಲಿಸಿ, ಏನೋ ಕಟಕಟ ಸದ್ದು, ನಿಲ್ಲಿಸ್ದೆ ಮೇಡಂ, ಗಾಳಿ ಮುಟ್ಟಿಲ್ಲ, ಅವನೆಲ್ಲಿ, ಅವರಾ, ಬೆಂಕಿ ಯಾಕೋ ಸರಿಗಿಲ್ಲ, ನೋಡ್ಕೊಂಡು ಬರ್ತೀನಿ ಅಂತ ಈಗಷ್ಟೇ ಹೋದ್ರು.

ಗ್ಯಾಸು ನಿಂತಿದೆ, ಆದರೆ ಒಳಗಿದ್ದದ್ದು ಒಳಗೇ ಇದೆ, ವಾಕಿಟಾಕಿಯಲ್ಲಿ ಕೂಗಿ, ಮುಚ್ಚಳ ತೆಗೀಬೇಡ ಅನ್ನಿ, ನಾನು ಹೇಳಿದೆ ಅನ್ನಿ, ಅತ್ತಿಗೆ ಹೇಳಿದ್ರು ಅನ್ನಿ, ಅತ್ತಿಗೆ ಹೇಳಿದ್ದನ್ನು ಅವನು ಮೀರುವುದಿಲ್ಲ, ಪ್ಯಾನೆಲಿನವನು ಕೂಗುತ್ತಿರುವುದು ಫೋನಿನಲ್ಲೇ ಅವಳಿಗೆ ಕೇಳುತ್ತಿದೆ, ಸಾರ್ ಮುಚ್ಚಳ, ಸಾರ್ ಮುಚ್ಚಳ ಮುಟ್ಟಬೇಡಿ, ಆಮೇಲೆ ಬರೀ ಗರಗರ, ಫ್ಯಾನಿನ ಮೊರೆತ, ಅದರೊಳಗಿಂದ ಅವನ ದನಿ, ಊಟದ ಮನೆಯಲ್ಲಿ ಇನ್ನೊಂದು ಸೌಟು ಬೇಡ ಎನ್ನುವಾಗಿನ ಅದೇ ಹಗುರ ದನಿ, ಏನೂ ಕೇಳಿಸ್ತಿಲ್ಲ ಕಣೋ, ತಡಿ, ಒಂದ್ಸಲ ನೋಡ್ಬಿಡ್ತೀನಿ — ಅವಳ ಕಣ್ಣಿಗೆ ಕಟ್ಟಿತು, ಕೈಗವಸಿನ ಎರಡು ಬೆರಳು, ಮುಚ್ಚಳ, ಮುಚ್ಚಳ ಅರ್ಧ ತಿರುಗಿದೆ, ಹುಬ್ಬಿಲ್ಲದ ಆ ಎಡಗಣ್ಣು ಗಂಡಿಯ ಹತ್ತಿರ ಬರುತ್ತಿದೆ, ಮುಚ್ಚಳ, ಆ ಕಣ್ಣು, ಮುಚ್ಚಳ, ಆ ಕಣ್ಣು