ಮೂರನೇ ಸ್ಕ್ರೂ

ಎಲ್ಲಿದೆ ಇದರ ಸ್ಕ್ರೂ, ಮಗುಚಿ ಮಗುಚಿ ನೋಡಿದ್ದಾಯಿತು, ಒಂದೂ ಇಲ್ಲ, ಬರೀ ನುಣ್ಣಗಿನ ಪ್ಲಾಸ್ಟಿಕ್, ಸೋಪಿನ ಡಬ್ಬಿಗಾದರೂ ಒಂದು ಮುಚ್ಚಳ ಇರುತ್ತದೆ, ಈ ವ್ಯಾಕ್ಯೂಮ್ ಕ್ಲೀನರಿಗೆ ಬಾಯೇ ಇಲ್ಲ — ಎದುರಿನ ಸ್ಟೂಲಿನ ಮೇಲೆ ಪದ್ಮಾವತಿ ಮೇಡಂ ಕೂತು ನನ್ನ ಕೈಯನ್ನೇ ನೋಡುತ್ತಿದ್ದಾರೆ, ಮೂರು ತಿಂಗಳು ಕಣ್ರೀ ಜವರಪ್ಪನವರೇ, ಮೂರೇ ತಿಂಗಳಿಗೆ ಎಳೆಯೋದು ನಿಲ್ಲಿಸ್ಬುಡ್ತು, ಫೋನ್ ಮಾಡಿದ್ರೆ ಇದಕ್ಕೆ ರಿಪೇರಿ ಇಲ್ಲ, ಹೊಸದು ತಗೊಳ್ಳಿ ಅಂತಾರೆ — ಅನ್ನದೆ ಏನು, ಬಿಚ್ಚಬಾರದು ಎಂದೇ ಮಾಡಿದ ವಸ್ತು, ಮಾಡಿದವನಿಗೆ ಕೃಷ್ಣಮೂರ್ತಿಪುರಂನಲ್ಲಿ ಒಬ್ಬ ರಿಪೇರಿ ಅಂಗಡಿ ತೆರೆದು ಕೂತಿರುತ್ತಾನೆ ಎಂಬ ಯೋಚನೆಯೇ ಬಂದಿಲ್ಲ, ಬಂದಿದ್ದರೆ ಒಂದಾದರೂ ಸ್ಕ್ರೂ ಬಿಡುತ್ತಿದ್ದ, ದರಿದ್ರದ್ದು. ಸ್ಕ್ರೂ ಹಾಕಿಡಲು ಅಭ್ಯಾಸಬಲದಿಂದ ಎಳೆದುಕೊಂಡ ಸ್ಟೀಲ್ ಮುಚ್ಚಳ ಮೇಜಿನ ಮೇಲೆ ಅಂಗಾತ ಬಿದ್ದಿದೆ, ಖಾಲಿ, ಅಯ್ಯೋ, ಯಾಕೆ ಎಳೆದುಕೊಂಡೆ, ಅದು ಇವರ ಹಳೇ ಮೆಷಿನ್ನಿನದೇ, ಅದರ ಬೆನ್ನ ಮೇಲೆ ಕುಂಕುಮದ ಬೊಟ್ಟಿದೆ, ಮಗುಚದಿದ್ದರೆ ಗುರುತು ಸಿಗುವುದಿಲ್ಲ, ಮಗುಚದಿರಲಿ.

ಎಂಥ ಮೆಷಿನ್ ಅದು, ಪೀಪಾಯಿಯಂಥ ಸ್ಟೀಲ್ ಮೈ, ಕಾಲಲ್ಲಿ ಒತ್ತುವ ಸ್ವಿಚ್ಚು, ಒಗೆದು ಒಣಗಿಸಿ ಮತ್ತೆ ಹಾಕುವ ಬಟ್ಟೆಯ ಚೀಲ, ಹಿಂದಿನ ತೂತಿಗೆ ಪೈಪು ಸಿಕ್ಕಿಸಿದರೆ ಗಾಳಿ ಊದುತ್ತಿತ್ತು, ದಸರಾ ಬೊಂಬೆಗಳ ಧೂಳೆಲ್ಲ ಅದರಲ್ಲೇ ತೆಗೆಯೋದು ಎನ್ನುತ್ತಿದ್ದರು, ಮೂವತ್ತೆರಡು ವರ್ಷದಲ್ಲಿ ಪೈಪು ಬದಲಾಯಿಸಲು ಬಂದದ್ದು ಬಿಟ್ಟರೆ ಒಂದು ಸಲವೂ ಬಿಚ್ಚಿಸಿಕೊಂಡದ್ದಿಲ್ಲ — ಅದೇ ನನಗೆ ಮುಳುವಾಯಿತು. ಅದು ಕೆಟ್ಟು ನನ್ನ ಮೇಜಿಗೆ ಬಂದ ದಿನ ಅಂಚಿನ ಎರಡು ಸ್ಕ್ರೂ ತೆಗೆದೆ, ಮುಚ್ಚಳ ಕದಲಲಿಲ್ಲ, ನಡುವೆ ಎಲ್ಲೋ ಹಿಡಿದುಕೊಂಡಿದೆ, ಕಣ್ಣಿಗೆ ಬೊಟ್ಟಿನ ಕೆಂಪು ಬಿಟ್ಟರೆ ಏನೂ ಕಾಣದು, ಬಿಚ್ಚಲಾಗದ ರಿವೆಟ್ ಮೊಳೆ ಇರಬೇಕು, ತುಕ್ಕು ಇರಬೇಕು, ಕನ್ನಡಕ ಮಾಡಿಸ್ಕಳಿ ಅಂದ್ರೆ ಕೇಳಾಕಿಲ್ಲ ನೀವು, ಇದು ಹೆಂಡತಿ ತಿಮ್ಮಮ್ಮನ ದಿನದ ಪಾಠ, ಕನ್ನಡಕ ಹಾಕಿದ ಮೆಕ್ಯಾನಿಕ್ಕಿನ ಹತ್ತಿರ ಯಾರು ಬರುತ್ತಾರೆ ಎಂದು ನಾನು, ಕೊನೆಗೆ ಫೋನ್ ಮಾಡಿ ಮೋಟಾರ್ ಸುಟ್ಟೋಗಿದೆ ಮೇಡಂ ಅಂದುಬಿಟ್ಟೆ. ನಾಚಿಕೆಗೆಟ್ಟ ಬಾಯಿ. ಆಮೇಲೆ ಸಿಟ್ಟಿಗೆ ಉಳಿ ಹಾಕಿ ಸೀಳಿದೆ, ಒಳಗೆ ತಾಮ್ರ ಆವತ್ತು ಸುತ್ತಿದಂತೆ ಹೊಳೆಯುತ್ತಿತ್ತು, ಸವೆದದ್ದು ಮೋಟಾರಿಗೆ ಕರೆಂಟು ಮುಟ್ಟಿಸುವ, ಕಿರುಬೆರಳಿನ ಉಗುರಿನಷ್ಟು ಕಾರ್ಬನ್ ಬ್ರಷ್ ಒಂದೇ, ಅದು ನನ್ನ ಡ್ರಾಯರಿನಲ್ಲೇ ಇತ್ತು, ಈಗಲೂ ಇದೆ, ಸೀಳಿದ ಮೈ ಗುಜರಿಗೆ ಹೋಯಿತು, ಮುಚ್ಚಳ ಉಳಿಯಿತು.

ಹಳೇದಾದ್ರೆ ಎಲ್ಲಾನೂ ಬಿಚ್ಚಬಹುದಿತ್ತು ಅಲ್ವಾ, ಮೇಡಂ ನಗುತ್ತಿದ್ದಾರೆ, ನಮ್ಮೆಜಮಾನ್ರು ಪ್ರತಿ ಆಯುಧಪೂಜೆಗೂ ನಡುವಿನ ಸ್ಕ್ರೂ ಮೇಲೇ ಗಂಧ ಬಳಿದು ಕುಂಕುಮ ಇಡೋರು, ಹಣೆ ಇದ್ದಂಗಿದೆ ಕಣೇ ಅನ್ನೋರು, ಅವರು ಹೋದ್ಮೇಲೂ ನಾನು ಅಲ್ಲೇ ಇಡ್ತಿದ್ದೆ, ಒರೆಸ್ತಾನೇ ಇರಲಿಲ್ಲ — ನಡುವಿನ ಸ್ಕ್ರೂ, ನಡುವಿನ, ನನ್ನ ಕೈ ತಾನಾಗಿಯೇ ಮುಚ್ಚಳದ ಅಡಿಗೆ ಹೋಗುತ್ತದೆ, ಗಟ್ಟಿಯಾದ ಬೊಟ್ಟು, ಉಗುರಿನಲ್ಲಿ ಕೆರೆಯುತ್ತೇನೆ, ಪುಡಿಯಾಗಿ ಉದುರುತ್ತದೆ, ಅಡ್ಡಕ್ಕೊಂದು ಗೀರು, ಉದ್ದಕ್ಕೊಂದು ಗೀರು, ಸ್ಕ್ರೂವಿನ ತಲೆ, ಕಣ್ಣಿಗೆ ಸಿಗದ್ದು ಬೆರಳಿಗೆ ಸಿಕ್ಕಿತು, ಆವತ್ತು ಒಂದು ಸಲ ಸವರಿ ನೋಡಿದ್ದರೆ, ಒಂದೇ ಒಂದು ಸಲ — ಹಳೇದು ಇನ್ನೂ ನಿಮ್ಮತ್ರ ಇದ್ಯಾ, ಇದ್ರೆ ಇನ್ನೊಂದ್ಸಲ ನೋಡ್ಬುಡಿ, ನಿಮ್ಮ ಕೈಗೆ ಬಗ್ಗದ್ದು ಯಾವ್ದಿದೆ ಜವರಪ್ಪನವರೇ — ಇಲ್ಲ ಅನ್ನಲೇ, ಗುಜರಿಯವನು ಒಯ್ದ ಅನ್ನಲೇ, ಸುಳ್ಳು ಹೇಳಿದೆ ಮೇಡಂ ಅನ್ನಲೇ, ಬೆವರು ಒರೆಸಿಕೊಳ್ಳಲು ಕೈ ಆಚೆ ಎಳೆದೆ, ಮೇಡಂ ನಗು ನಿಲ್ಲಿಸಿದರು, ನನ್ನ ಬೆರಳು ನೋಡುತ್ತಿದ್ದಾರೆ, ಉಗುರಿನ ಸಂದಿಯಲ್ಲಿ ಕೆಂಪು, ಬೆರಳ ತುದಿಯಲ್ಲಿ ಕೆಂಪು, ಕುಂಕುಮ