ಎಣಿಕೆಗೆ ನಲವತ್ತು ತಲೆ

ಒದ್ದೆ ಚಾದರಗಳ ತಳ್ಳುಗಾಡಿಗೆ ಅಡ್ಡ ನಿಂತು ಗುಮಾಸ್ತರು, "ನಿನ್ನ ಯೂನಿಫಾರ್ಮ್ ಇನ್ನೂ ಇದೆಯೇನಮ್ಮಾ?" ಎಂದು ಕೇಳಿದಾಗ ಅವಳಿಗೆ ನಗು ಬಂತು. ಆಸ್ಪತ್ರೆಯ ಲಾಂಡ್ರಿಯಲ್ಲಿ ನಾಲ್ಕು ಯಂತ್ರಗಳು ಒಟ್ಟಿಗೆ ಗಿರಗುಟ್ಟುತ್ತಿದ್ದವು. ಅಲ್ಲಿ ಯಾರು ಏನು ಕೇಳಿದರೂ ಎರಡು ಸಲ ಕೇಳಬೇಕು. ಗುಮಾಸ್ತರು ಎರಡನೆಯ ಸಲವೂ ಅದನ್ನೇ ಕೇಳಿದರು.

ಕಾಲೇಜಿನ ಕಚೇರಿಯ ಕಿಟಕಿಯ ಹಿಂದೆ ಬಿಟ್ಟರೆ ಬೇರೆಲ್ಲೂ ಅವಳು ಅವರನ್ನು ನೋಡಿರಲಿಲ್ಲ. ಎರಡು ವರ್ಷದಲ್ಲಿ ಎದೆಯಿಂದ ಮೇಲಕ್ಕಷ್ಟೇ ಪರಿಚಯ. ಯಾರು ಯಾವ ಕಾಗದ ಹಿಡಿದು ಹೋದರೂ "ನಾಳೆ ಬಾ" ಅನ್ನುವುದು ಅವರ ಅಭ್ಯಾಸ. ಹುಡುಗರು ಅದನ್ನೇ ಅವರಿಗೆ ಹೆಸರಾಗಿ ಇಟ್ಟಿದ್ದರು. ಅಂಥ ಮನುಷ್ಯ ಪ್ಯಾಂಟಿನ ಅಂಚನ್ನು ಮಡಚಿಕೊಂಡು, ಸೋಪಿನ ನೀರು ದಾಟಿ, ತಾನೇ ಹುಡುಕಿಕೊಂಡು ಬಂದು ನಿಂತಿದ್ದರು.

"ನಾಳೆ ಒಂದೇ ಒಂದು ದಿನ ಬಂದು ಕ್ಲಾಸಲ್ಲಿ ಕೂತ್ಕೋಬೇಕು. ಎಣಿಕೆ ಇದೆ. ಮೇಲಿನೋರು ಬರ್ತಾರೆ."

"ನಾನ್ಯಾಕೆ ಸಾರ್? ನಾನು ಬಿಟ್ಟು ಏಳು ತಿಂಗಳಾಯ್ತು."

"ಬಿಟ್ಟಿದೀಯ ಅಂತ ನಿಂಗೆ ಗೊತ್ತು, ನಂಗೆ ಗೊತ್ತು. ಹಾಜರಿ ಪುಸ್ತಕಕ್ಕೆ ಗೊತ್ತಿಲ್ಲ."

ಅವಳು ಕಾಲೇಜು ಬಿಟ್ಟ ಕಥೆ ದೊಡ್ಡದೇನಲ್ಲ. ಎಲ್ಲ ವಿಷಯಗಳಲ್ಲೂ ಮೊದಲ ಸಲಕ್ಕೇ ಪಾಸಾದವರಿಗೆ ಮಾತ್ರ ಸರ್ಕಾರದ ಶುಲ್ಕ ವಿನಾಯಿತಿ ಎಂದಿತ್ತು. ಸಂಖ್ಯಾಶಾಸ್ತ್ರದ ಪರೀಕ್ಷೆಯ ದಿನ ಅಮ್ಮನಿಗೆ ಆಪರೇಷನ್. ಸಹಿ ಹಾಕಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ವಿಷಯ ಹೋಯಿತು, ಅದರ ಹಿಂದೆ ವಿನಾಯಿತಿ ಹೋಯಿತು, ಅದರ ಹಿಂದೆ ಅವಳೂ ಹೋದಳು. ಅಮ್ಮನ ಆಪರೇಷನ್ ಆದ ಆಸ್ಪತ್ರೆಯ ಲಾಂಡ್ರಿಯಲ್ಲೇ ಚಾದರ ಒಗೆದು ಮಡಚುವ ಕೆಲಸ ಸಿಕ್ಕಿತು.

"ನಲವತ್ತು ತಲೆ ಇಲ್ಲದಿದ್ರೆ ವಿಭಾಗ ಮುಚ್ತಾರಂತೆ. ಇಪ್ಪತ್ತೊಂಬತ್ತಿದೆ," ಎಂದು ಗುಮಾಸ್ತರು ಬೆವರು ಒರೆಸಿಕೊಂಡರು. "ಓದ್ತಿರೋರು ಬೀದಿ ಪಾಲಾಗ್ತಾರೆ. ನನ್ನ ಕುರ್ಚಿನೂ ಹೋಗುತ್ತೆ, ಸುಳ್ಳ್ಯಾಕೆ ಹೇಳ್ಲಿ. ನಿನ್ನ ಹಾಗೇ ಬಿಟ್ಟೋರು ಹತ್ತು ಜನ ಒಪ್ಪಿದಾರೆ. ನೀನೊಬ್ಬಳು ಬಂದ್ರೆ ಆಯ್ತು."

"ಆಗಲ್ಲ ಸಾರ್. ಇಲ್ಲಿ ರಜಾ ಕೊಡಲ್ಲ."

"ಬರ್ತಾಳೆ ಅಂತ ನಿಮ್ಮಮ್ಮನೇ ಅಂದ್ರಲ್ಲ? ಮೊದಲು ಮನೆಗೇ ಹೋಗಿದ್ದೆ. ಅವರೇ ಇಲ್ಲಿಗೆ ಕಳಿಸಿದ್ದು."

ಅವಳ ಕೈಯಲ್ಲಿದ್ದ ಚಾದರ ನೆಲಕ್ಕೆ ಬಿತ್ತು.

ಮನೆಗೆ ಹೋಗುವಷ್ಟರಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ಅಮ್ಮ ಪೆಟ್ಟಿಗೆಯ ತಳದಿಂದ ಯೂನಿಫಾರ್ಮ್ ತೆಗೆದು, ಬಗಲ ಹೊಲಿಗೆ ಬಿಚ್ಚಿ, ಒಂದು ಬೆರಳಗಲ ಸಡಿಲ ಮಾಡುತ್ತಾ ಬಾಗಿಲ ಬೆಳಕಿಗೆ ಕೂತಿದ್ದಳು. ಆಪರೇಷನ್ ಆದಮೇಲೆ ಹೀಗೆ ಬೆನ್ನು ನೆಟ್ಟಗೆ ಮಾಡಿ ಕೂತದ್ದನ್ನು ಮಗಳು ನೋಡಿರಲಿಲ್ಲ.

"ನಾನು ಹೇಳ್ತಿರ್ಲಿಲ್ವಾ, ಒಂದಿನ ಅವರಾಗೇ ಕರೀತಾರೆ ಅಂತ? ಪಾಪ, ಆ ಸಾರ್ ಮನೆ ಬಾಗಿಲಿಗೇ ಬಂದ್ರು ಕಣೇ."

"ಅಮ್ಮಾ, ಅದು ನಾಳೆ ಒಂದಿನಕ್ಕೆ..."

"ಒಂದಿನ ಹೋದ್ರೆ ತಾನೇ ಎರಡನೇ ದಿನ? ತೋಳೆತ್ತು, ಅಳತೆ ನೋಡೋಣ."

ಅವಳು ತೋಳೆತ್ತಿದಳು. ಬೆಳಿಗ್ಗೆ ಲಾಂಡ್ರಿಯ ಮೇಲ್ವಿಚಾರಕಿಗೆ ಫೋನು ಮಾಡಿ ಹೊಟ್ಟೆನೋವು ಎಂದಳು. "ಇವತ್ತು ನೋವು ಸರಿ. ನಾಳೆನೂ ನೋವು ಅಂದ್ರೆ ಆಮೇಲೆ ಬರ್ಲೇಬೇಡ," ಎಂದು ಆಕೆ ಫೋನಿಟ್ಟಳು.

ತರಗತಿಯಲ್ಲಿ ಅವಳ ಜಾಗ ಹಾಗೇ ಇತ್ತು, ಕಿಟಕಿಯ ಪಕ್ಕದ ಮೂರನೆಯ ಬೆಂಚು. ಪಕ್ಕದಲ್ಲಿ ರೇಡಿಯೋ. ಬಾಯಿ ಮುಚ್ಚದ ಈ ಗೆಳತಿಗೆ ಮೊದಲ ವಾರವೇ ಬಂದ ಹೆಸರದು. ರೇಡಿಯೋ ಅವಳ ಕೈ ಹಿಡಿದುಕೊಂಡು, ಉಸಿರು ಬಿಡದೆ ಏಳು ತಿಂಗಳ ಸುದ್ದಿಯನ್ನೆಲ್ಲ ಒಪ್ಪಿಸಿದಳು.

"ಆಮೇಲೆ ಇನ್ನೊಂದು. ನಿನ್ನ ಹಾಜರಿನೂ ನಾನೇ ಹೇಳ್ತಿದೀನಿ ಕಣೆ. ಮೇಷ್ಟ್ರು ನಂಬರ್ ಕೂಗ್ತಾರೆ, ತಲೆ ಎತ್ತಲ್ಲ. ನಿನ್ನ ಇಪ್ಪತ್ನಾಲ್ಕಕ್ಕೆ ಮೂಗಲ್ಲಿ ಹೇಳ್ತೀನಿ, ನನ್ನ ಇಪ್ಪತ್ತೈದಕ್ಕೆ ಬಾಯಲ್ಲಿ."

"ಗುಮಾಸ್ತರು ಹೇಳ್ಕೊಟ್ಟಿದ್ದಾ?"

"ಯಾರೂ ಹೇಳ್ಲಿಲ್ಲ. ಬರ್ತೀಯ ಅಂತ ಹೇಳ್ತಿದ್ದೆ, ಅಷ್ಟೇ," ಎಂದು ರೇಡಿಯೋ ಪುಸ್ತಕ ತೆರೆದಳು.

ಸಂಖ್ಯಾಶಾಸ್ತ್ರದ ಮೇಷ್ಟ್ರು ಬಂದು ನಂಬರು ಕೂಗಿದರು. ಇಪ್ಪತ್ತನಾಲ್ಕು ಎಂದಾಗ ಅವಳೇ "ಪ್ರೆಸೆಂಟ್ ಸಾರ್" ಅಂದಳು. ದನಿ ಒಡೆದು ಬಂತು, ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ತಲೆ ಎತ್ತಲಿಲ್ಲ. ಬೋರ್ಡಿನ ಮೇಲೆ ಸರಾಸರಿಯ ಲೆಕ್ಕ ಬರೆಯತೊಡಗಿದರು. ಒಂದೇ ಒಂದು ಅಂಕಿ ಮಿಕ್ಕವಕ್ಕಿಂತ ತೀರಾ ಕೆಳಗಿದ್ದರೆ ಇಡೀ ಸರಾಸರಿ ಹೇಗೆ ಕುಸಿಯುತ್ತದೆ ಎಂದು ತೋರಿಸುತ್ತಿದ್ದರು. ಅವಳಿಗೆ ಎಲ್ಲವೂ ಅರ್ಥವಾಯಿತು. ಮೇಷ್ಟ್ರಿಗಿಂತ ಒಂದು ಸಾಲು ಮೊದಲೇ ಉತ್ತರ ಬಂತು. ಬಂದದ್ದೇ ತಡ, ಓದಬೇಕೆಂಬ ಆಸೆ ಎದ್ದಿತು. ಅದನ್ನು ಸತ್ತುಹೋಗಿದೆ ಎಂದು ತಿಳಿದು ಏಳು ತಿಂಗಳು ನಿಶ್ಚಿಂತೆಯಿಂದ ಚಾದರ ಮಡಚಿದ್ದಳು. ಈಗ ಅದಕ್ಕೆ ಹೆದರಿದಳು.

ಹನ್ನೊಂದು ಗಂಟೆಗೆ ಎಣಿಕೆಯ ಅಧಿಕಾರಿ ಬಂದರು. ಪೆನ್ನಿನ ತುದಿಯಿಂದ ಒಂದೊಂದೇ ತಲೆ ಎಣಿಸುತ್ತಾ ಬೆಂಚುಗಳ ನಡುವೆ ನಡೆದರು. ಅವಳ ಹತ್ತಿರ ನಿಂತರು.

"ಕೈ ಯಾಕಮ್ಮ ಹೀಗಾಗಿದೆ?"

ಬ್ಲೀಚಿಂಗ್ ಪುಡಿಯಿಂದ ಬೆರಳುಗಳ ಸಿಪ್ಪೆ ಎದ್ದಿತ್ತು. ಬಾಗಿಲಲ್ಲಿ ನಿಂತಿದ್ದ ಗುಮಾಸ್ತರ ಮುಖ ಬಿಳಿಚಿಕೊಂಡಿತು. ಒಂದು ಮಾತು ಸಾಕಿತ್ತು, ನಲವತ್ತು ಮೂವತ್ತೊಂಬತ್ತಾಗುತ್ತಿತ್ತು. ಅವಳು ರೇಡಿಯೋಳ ಕಡೆ ನೋಡಿದಳು.

"ಬಟ್ಟೆ ಒಗೆದು, ಸಾರ್."

"ಮನೆಗೆಲಸನೂ ಮಾಡ್ಕೊಂಡು ಓದ್ತೀಯಾ! ಭೇಷ್. ಇಂಥೋರಿಗೇ ನಮ್ಮ ಯೋಜನೆ," ಎಂದು ಅಧಿಕಾರಿ ನಿಜವಾದ ಸಂತೋಷದಿಂದ ಹೇಳಿ, ಅವಳ ತಲೆಯನ್ನು ಎಣಿಸಿ ಮುಂದೆ ಹೋದರು.

ಸಂಜೆ ಕಚೇರಿಯಲ್ಲಿ ಗುಮಾಸ್ತರು ಅವಳಿಗೆ ಕುರ್ಚಿ ಹಾಕಿಸಿದರು. ಕಿಟಕಿಯ ಒಳಗಡೆ ಅವಳು ಕೂತದ್ದು ಅದೇ ಮೊದಲು. ಮೇಜಿನ ಮೇಲೆ ಹತ್ತು ಅರ್ಜಿಗಳು ಸಹಿಯಾಗಿ ಬಿದ್ದಿದ್ದವು. ಹನ್ನೊಂದನೆಯದನ್ನು ಅವಳ ಮುಂದೆ ತಳ್ಳಿದರು. 'ನಾನು ನನ್ನ ಸ್ವಂತ ಇಚ್ಛೆಯಿಂದ ವ್ಯಾಸಂಗವನ್ನು ನಿಲ್ಲಿಸುತ್ತಿದ್ದೇನೆ' ಎಂದಿತ್ತು. ಪಕ್ಕದಲ್ಲಿ ಹಾಜರಿ ಪುಸ್ತಕ ತೆರೆದಿತ್ತು. ಇಪ್ಪತ್ತನಾಲ್ಕರ ಮುಂದೆ ಏಳು ತಿಂಗಳ ಗುರುತು ಒಂದೂ ತಪ್ಪದೆ ಸಾಲಾಗಿ ನಿಂತಿತ್ತು. ಇಡೀ ತರಗತಿಯಲ್ಲಿ ಅವಳಷ್ಟು ತಪ್ಪದೆ ಬಂದವರು ಯಾರೂ ಇರಲಿಲ್ಲ.

"ಸಾರ್, ಇಷ್ಟು ಹಾಜರಿ ಇದ್ರೆ ಹಾಲ್ ಟಿಕೆಟ್ ಕೊಡ್ಬೇಕಲ್ವಾ?"

"ಅಯ್ಯೋ, ಸುಮ್ನೆ ಸಹಿ ಹಾಕಮ್ಮ."

"ಶುಲ್ಕ?"

"ಪುಸ್ತಕದಲ್ಲಿರೋರಿಗೆಲ್ಲ ಈ ವರ್ಷದಿಂದ ಸರ್ಕಾರನೇ ಕಟ್ಟುತ್ತೆ," ಎಂದವರು ನಾಲಿಗೆ ಕಚ್ಚಿಕೊಂಡರು.

"ಹಾಗಾದ್ರೆ ನಂದೂ ಕಟ್ಟಿದಾರೆ."

ಅವಳಿಗೆ ಮೈಯೆಲ್ಲ ಉರಿಯಿತು. ಅವಳು ಚಾದರ ಮಡಚುತ್ತಿದ್ದ ಏಳು ತಿಂಗಳೂ ಅವಳ ಹೆಸರಿನಲ್ಲಿ ಇಲ್ಲಿ ಓದು ನಡೆದಿತ್ತು.

"ಪರೀಕ್ಷೆಗೆ ಎರಡು ತಿಂಗಳಿದೆ. ನನ್ನ ಹೆಸರು ಹೊಡೀಬೇಡಿ ಸಾರ್. ಬೇರೆ ಏನೂ ಕೇಳಲ್ಲ."

"ನಿಂಗೆ ಹೇಗೆ ಹೇಳ್ಲಿ?" ಗುಮಾಸ್ತರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ತಲೆ ಎಷ್ಟು ಅಂತ ಒಂದು ಪಟ್ಟಿ ಹೋಗುತ್ತೆ. ಪರೀಕ್ಷೆಗೆ ಕೂತೋರಲ್ಲಿ ನೂರಕ್ಕೆ ಎಷ್ಟು ಪಾಸು ಅಂತ ಇನ್ನೊಂದು ಪಟ್ಟಿ. ಮೊದಲನೇದಕ್ಕೆ ನೀನು ಬೇಕು. ಎರಡನೇದಕ್ಕೆ ಬೇಡ. ಪಾಸು ಕಮ್ಮಿಯಾದ್ರೂ ವಿಭಾಗ ಹೋಗುತ್ತೆ."

"ನಾನು ಪಾಸಾಗ್ತೀನಿ."

"ಹೋದ್ಸಲ ಆಗ್ಲಿಲ್ವಲ್ಲ."

"ಹೋದ್ಸಲ ನಾನು ಬರೆದೇ ಇಲ್ಲ ಸಾರ್! ಅಮ್ಮನಿಗೆ ಆಪರೇಷನ್ ಇತ್ತು. ನಿಮಗೇ ಬಂದು ಹೇಳಿದ್ದೆ. ನಾಳೆ ಬಾ ಅಂದ್ರಿ."

ಹೊರಗೆ ಜವಾನ ತರಗತಿಗಳ ಕಿಟಕಿ ಮುಚ್ಚುತ್ತಿರುವ ಸದ್ದು ಕೇಳಿಸುತ್ತಿತ್ತು. ಗುಮಾಸ್ತರು ಅರ್ಜಿಯ ಮೂಲೆಯನ್ನು ಮಡಚಿ ಬಿಚ್ಚಿ ಮಾಡುತ್ತಾ ಕೂತರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವಳಿಗೆ ಕೂಗಾಡಲು ಸುಲಭವಾಗುತ್ತಿತ್ತು.

"ನಾನು ಸಹಿ ಹಾಕಲ್ಲ," ಎಂದಳು. ಎದ್ದು ನಿಂತಳು. "ನನ್ನ ಸ್ವಂತ ಇಚ್ಛೆ ಅಲ್ಲ ಇದು."

"ಏಳು ತಿಂಗಳ ಹಾಜರಿ ಬರೆದಿಟ್ಕೊಂಡಿರೋ ಕಚೇರಿ ಇದು ಮಗಳೇ," ಎಂದು ಗುಮಾಸ್ತರು ಮೆಲ್ಲಗೆ ಹೇಳಿದರು. "ನಿನ್ನ ಸಹಿ ನಾವೇ ಹಾಕೋದು ಕಷ್ಟನಾ? ನನ್ನ ಕೈಲಿ ಅದನ್ನ ಮಾಡಿಸ್ಬೇಡ."

ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. ಗುಮಾಸ್ತರು ಅವಳ ಮುಖ ನೋಡಲಾರದೆ ಪುಸ್ತಕ ಮುಚ್ಚುತ್ತಿದ್ದರು.

"ನಾಳೆ ಬರಬೇಡಮ್ಮ," ಎಂದರು.

ಮನೆಯಲ್ಲಿ ಅಮ್ಮ ಒಂದೇ ಮಾತು ಕೇಳಿದಳು: "ಪಾಠ ಅರ್ಥ ಆಯ್ತಾ?" ಎಲ್ಲ ಅರ್ಥ ಆಯ್ತು ಎಂದಳು. ಅದು ಸುಳ್ಳಲ್ಲವಾದ್ದರಿಂದ ಅಳು ಬರಲಿಲ್ಲ. ಅಮ್ಮ ಯೂನಿಫಾರ್ಮ್ ಇಸಿದುಕೊಂಡು, ಮಾರನೆಯ ದಿನಕ್ಕೆ ಒಗೆದು ಒಣಹಾಕಿದಳು.

ಬೆಳಿಗ್ಗೆ ಬೀದಿಯ ತುದಿಯಲ್ಲಿ ಅವಳು ನಿಂತಳು. ಎಡಕ್ಕೆ ಹೋದರೆ ಲಾಂಡ್ರಿ, ಬಲಕ್ಕೆ ಕಾಲೇಜು. ಕೆಲಸ ಶುರುವಾಗಲು ಇನ್ನೂ ಹತ್ತು ನಿಮಿಷವಿತ್ತು. ನಿಂತೇ ಇದ್ದಳು. ಹತ್ತು ನಿಮಿಷ ಮುಗಿಯಿತು. ಕೈಚೀಲದಲ್ಲಿ ಫೋನು ಬಡಿದುಕೊಂಡು ಸುಮ್ಮನಾಯಿತು. ಆಮೇಲೆ ಬಲಕ್ಕೆ ತಿರುಗಿದಳು. ಧೈರ್ಯದಿಂದೇನಲ್ಲ, ಹೋಗಲು ಇನ್ನು ಬೇರೆ ಕಡೆಯೇ ಉಳಿದಿರಲಿಲ್ಲ.

ನಿನ್ನೆ ತುಂಬಿದ್ದ ತರಗತಿಯಲ್ಲಿ ಬೆಂಚುಗಳು ಅಲ್ಲಲ್ಲಿ ಖಾಲಿಯಾಗಿದ್ದವು. ಕಿಟಕಿಯ ಪಕ್ಕದ ಮೂರನೆಯ ಬೆಂಚಿನಲ್ಲಿ ಅವಳು ಕೂತಾಗ ರೇಡಿಯೋ ಸರಿದು ಜಾಗ ಕೊಟ್ಟಳು. ಮೇಷ್ಟ್ರು ಬಂದರು. ಹಾಜರಿ ಪುಸ್ತಕ ತೆರೆದರು. ಐದು, ಆರು, ಎಂಟು. ಹದಿಮೂರು, ಹದಿನೈದು. ಬಿಟ್ಟುಹೋದ ನಂಬರುಗಳ ಕಡೆ ಯಾರೂ ಕಿವಿಗೊಟ್ಟಂತೆ ಕಾಣಲಿಲ್ಲ. ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬಾಯಿ ತೆರೆದು ಸಿದ್ಧವಾಗಿ ಕೂತಳು.

"ಇಪ್ಪತ್ಮೂರು."

"ಪ್ರೆಸೆಂಟ್ ಸಾರ್."

"ಇಪ್ಪತ್ತೈದು."

ರೇಡಿಯೋ ಅವಳ ಕಡೆ ನೋಡಿದಳು. ಆಮೇಲೆ ಮೂಗಿನಿಂದ "ಪ್ರೆಸೆಂಟ್ ಸಾರ್" ಅಂದಳು. ಆಮೇಲೆ ತನ್ನದೇ ದನಿಯಲ್ಲಿ, "ಪ್ರೆಸೆಂಟ್ ಸಾರ್."

ಮೇಷ್ಟ್ರು ತಲೆ ಎತ್ತಿದರು. ಕಿಟಕಿಯ ಪಕ್ಕ ಕೂತಿದ್ದವಳನ್ನು ನೋಡಿದರು. ಪೆನ್ನು ಪುಸ್ತಕದ ಮೇಲೆ ಸ್ವಲ್ಪ ಹೊತ್ತು ಎತ್ತಿದ್ದು ಎತ್ತಿದಂತೆಯೇ ಇತ್ತು.

"ಒಂದ್ಸಲ ಹೇಳಿದ್ರೆ ಸಾಕಮ್ಮ," ಎಂದು ಇಪ್ಪತ್ತಾರು ಕೂಗಿದರು.

ಅವಳು ನೋಟ್‌ಪುಸ್ತಕ ತೆರೆದು, ಹೊಸ ಹಾಳೆಯ ಮೇಲ್ಗಡೆ ಆ ದಿನದ ತಾರೀಖು ಬರೆದಳು.