ನಿಝಾಮ್ ಕಡಬನ ರಿಕ್ವೆಸ್ಟ್

ಕಮಲಾವತಿಯ ಫೇಸ್‌ಬುಕ್ಕಿಗೆ ಅದೇ ನಿಝಾಮ ಮತ್ತೆ ಬಂದಿದ್ದ. ಹೆಸರು ನಿಝಾಮ್ ಕಡಬ, ಫೋಟೊದಲ್ಲಿ ಕಪ್ಪು ಕನ್ನಡಕ ಹಾಕಿ ಕಾರಿಗೊರಗಿ ನಿಂತ ಹುಡುಗ. ಅಲ್ಲ, ಎಷ್ಟು ಸಲ ಅಳಿಸಿದರೂ ಬರುತ್ತಾನಲ್ಲ, ಇವನಿಗೆ ನಾಚಿಕೆ ಎಂಬುದು ಬೇಡವೇ? ಗುರುತಿಲ್ಲದವರನ್ನು ಸೇರಿಸಬೇಡ ಎಂದು ಮಗಳು ಯಶಸ್ವಿ ಮೊದಲೇ ತಾಕೀತು ಮಾಡಿದ್ದಳು. ಗಂಡ ಕುಕ್ಕಪ್ಪನಿಗೆ ಮಾತ್ರ ಇದೊಂದು ತಮಾಷೆ. ಐವತ್ತು ದಾಟಿದ ಹೆಂಡತಿಯ ಬೆನ್ನಿಗೆ ಹುಡುಗರು ಬಿದ್ದಿದ್ದಾರೆಂದು ಕೊಲ್ಲಮೊಗ್ರು ಊರಿಡೀ ಹೇಳಿಕೊಂಡು ಬಂದಿದ್ದ.

ಊಟವಾದ ಮೇಲೆ ಕಮಲಾವತಿ ಬಾಕಿ ರಿಕ್ವೆಸ್ಟುಗಳನ್ನು ನೋಡುತ್ತ ಕೂರುತ್ತಿದ್ದದ್ದು ನಿಜಕ್ಕೂ ಒಬ್ಬಳಿಗಾಗಿ. ನುಸೈಬಾ. ಐವರ್ನಾಡಿನಲ್ಲಿ ಕಮಲಾವತಿಯ ತವರುಮನೆಯ ಹತ್ತಿರ ಅಂಗಡಿ ಇಟ್ಟಿದ್ದ ಮಮ್ಮು ಬ್ಯಾರಿಯ ಮಗಳು. ಕಮಲಾವತಿ ತಂದ ಅಬ್ಬಲಿಗೆ ಮಾಲೆಯನ್ನು ಶಾಲೆಯ ಹಿಂದೆ ನಿಂತು ತುಂಡು ಮಾಡಿ ಇಬ್ಬರೂ ಮುಡಿಯುತ್ತಿದ್ದರು. ನುಸೈಬಾ ತನ್ನ ಪಾಲನ್ನು ಶಾಲಿನೊಳಗೆ ಮುಡಿಯುತ್ತಿದ್ದಳು. ಹಬ್ಬದ ದಿನ ಅವಳ ಉಮ್ಮ ಕದೀಜಮ್ಮ ಇವಳಿಗೆಂದೇ ಪಾಯಸ ತೆಗೆದಿಡುತ್ತಿದ್ದರು. ಇವಳ ಅಜ್ಜಿ ಬೈಯುವಾಗ ಇಬ್ಬರನ್ನೂ ಒಟ್ಟಿಗೇ ಬೈಯುತ್ತಿದ್ದರು. ಎಂಥ ಚಂದದ ದಿನಗಳು ಅವು!

ಮದುವೆಯಾಗಿ ಪುತ್ತೂರಿಗೆ, ಅಲ್ಲಿಂದ ಗಲ್ಫಿಗೆ ಹೋದವಳು ಹೋದವಳೇ. ಅಂಗಡಿ ಮಾರಿ ಮಮ್ಮು ಬ್ಯಾರಿಯೂ ಊರು ಬಿಟ್ಟ ಮೇಲೆ ಕೇಳುವುದಕ್ಕೂ ಜನ ಇರಲಿಲ್ಲ. ಫೇಸ್‌ಬುಕ್ಕಿನಲ್ಲಿ ನುಸೈಬಾ ಎಂದು ಹುಡುಕಿದರೆ ಬರುವುದು ಬರೇ ಗುಲಾಬಿ ಹೂವು. ಯಾವ ಗುಲಾಬಿ ಅವಳದೆಂದು ತಿಳಿಯುವುದು ಹೇಗೆ? ಅವಳನ್ನೊಮ್ಮೆ ನೋಡದೆಯೇ ಸತ್ತುಹೋದರೆ ಎಂಬ ಹೆದರಿಕೆ ಈಚೆಗೆ ಕಮಲಾವತಿಗೆ ಹತ್ತಿಕೊಂಡಿತ್ತು.

ನುಸೈಬಾ ಬರಬೇಕಾದ ಜಾಗದಲ್ಲಿ ಈ ಪೋಕರಿ ಬಂದು ಕೂತದ್ದು ನೋಡಿ ಅವಳಿಗೆ ಪಿತ್ತ ನೆತ್ತಿಗೇರಿತು. ಇವತ್ತು ಇವನ ಗ್ರಾಚಾರ ಬಿಡಿಸಿಯೇ ಸೈ ಎಂದು ರಿಕ್ವೆಸ್ಟ್ ಒಪ್ಪಿಕೊಂಡಳು. ಟೈಪು ಮಾಡುವ ತಾಳ್ಮೆ ಎಲ್ಲಿಯದು? ಮೈಕು ಒತ್ತಿ ಹಿಡಿದು ಬಾಯಿಗೆ ಬಂದದ್ದೆಲ್ಲ ಬೈದಳು. ಕಡೆಗೆ, "ನಿನ್ನ ಅಮ್ಮನ ನಂಬರು ಕೊಡು ಮಾರಾಯ. ನಿನ್ನ ಸಂಗತಿ ಅವರ ಹತ್ತಿರವೇ ಮಾತಾಡ್ತೇನೆ," ಎಂದಳು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಹೆಂಗಸಿನ ಸ್ವರ.

"ಅಮ್ಮನೇ ಮಾತಾಡುದು ಕಮಲಾ. ನಾನು ನುಸೈಬಾ."

ಮಗನ ಹೆಸರು, ಮಗನ ಫೋಟೊ; ತಮ್ಮ ಮನೆಯ ಹೆಂಗಸರೆಲ್ಲ ಫೇಸ್‌ಬುಕ್ಕಿನಲ್ಲಿ ಇರುವುದು ಹಾಗೆಯೇ ಎಂದು ಅವಳು ಹೇಳಿದಳು. ಗಲ್ಫ್ ಬಿಟ್ಟು ಬಂದು ಈಗ ಕಡಬದಲ್ಲಿ ಮನೆ ಮಾಡಿದ್ದಾರಂತೆ. ಫೋಟೊ ನೋಡಿದ ಕೂಡಲೇ ಕಮಲಾವತಿಯ ಗುರುತು ಸಿಕ್ಕಿತಂತೆ. ಕಮಲಾವತಿ ಅಳುತ್ತ ನಗುತ್ತ ಕುಕ್ಕಪ್ಪನನ್ನು ಕೂಗಿ ಕರೆದಳು. ಅಷ್ಟರಲ್ಲಿ ಇನ್ನೊಂದು ಮಾತು ಬಂತು, ಈ ಸಲ ಸ್ವರ ಸಣ್ಣದಿತ್ತು.

"ನೀನು ತೆಗೆದು ಹಾಕಿದ್ದು ಗೊತ್ತಾಗ್ತಿತ್ತು. ಈಗ ಊರಲ್ಲಿ ಎಲ್ಲ ಹೀಗೆ ಆಗಿದೆಯಲ್ಲ. ಬ್ಯಾರಿ ಹೆಸರು ನೋಡಿಯೇ ಬೇಡ ಹೇಳಿದ್ದಾ ಅಂತ ಎಣಿಸಿದೆ."

ಛೇ ಛೇ, ಹಾಗಲ್ಲ ಎನ್ನಲು ಕಮಲಾವತಿ ಬಾಯಿ ತೆರೆದಳು. ಹೋದ ವಾರವಷ್ಟೇ ಯಾವನೋ ರಕ್ಷಿತನನ್ನು ಸೇರಿಸಿಕೊಂಡದ್ದು ನೆನಪಾಯಿತು. ಅವನ ಗುರುತೂ ಅವಳಿಗಿರಲಿಲ್ಲ. ಸುಳ್ಳು ಹೇಳುವುದಕ್ಕೆ ಇವಳು ಯಾರೋ ಅಲ್ಲ, ನುಸೈಬಾ.

"ನಾಳೆ ಬೆಳಿಗ್ಗೆಯ ಬಸ್ಸಿಗೆ ಬರ್ತೇನೆ," ಎಂದಳು. "ನಿನಗೆ ಬೈಬೇಕಿದ್ದರೆ ನನ್ನ ಎದುರು ಕೂತು ಬೈ."